ಹದಿಮೂರು ಅಡಿ ಎರಡು ಅಂಗುಲ

ಬೆಳಗಿನ ವಿಮಾನಕ್ಕೆ ಇನ್ನೂ ಒಂದೂವರೆ ಗಂಟೆ ಇರುವಾಗ ರನ್‌ವೇಯ ನಡುಗೆರೆಯ ಮೇಲೆ ಅವನಿಗೆ ಒಂದು ದಾರದ ತುಂಡು ಸಿಕ್ಕಿತು. ಗೇಣುದ್ದದ್ದು, ಕಿತ್ತಳೆ ಬಣ್ಣದ್ದು. ಇಪ್ಪತ್ತಾರು ವರ್ಷಗಳಿಂದ ದಿನವೂ ಈ ಒಂದು ಮೈಲಿ ಡಾಂಬರನ್ನು ತಲೆ ತಗ್ಗಿಸಿಕೊಂಡು ನಡೆದು, ಇಂಜಿನ್ನು ಒಳಗೆಳೆದುಕೊಂಡುಬಿಡಬಹುದಾದ ಕಲ್ಲು, ಮೊಳೆ, ನಟ್ಟು, ತಂತಿ ಏನಿದ್ದರೂ ಹೆಕ್ಕಿ ಸೊಂಟದ ಚೀಲಕ್ಕೆ ಹಾಕಿಕೊಳ್ಳುವುದು ಅವನ ಮೊದಲ ಕೆಲಸ. ಆಮೇಲೆ ಹುಲ್ಲು. ಗುರುತು ಹಾಕಿದ ಕೋಲನ್ನು ಅಲ್ಲಲ್ಲಿ ಊರಿ ಎತ್ತರ ನೋಡಬೇಕು. ಹುಲ್ಲು ಗಿಡ್ಡವಾದರೆ ಹುಳ ಕಂಡು ಹಕ್ಕಿಗಳು ಇಳಿಯುತ್ತವೆ, ಉದ್ದವಾದರೆ ಇಲಿ ಸೇರಿಕೊಂಡು ಅವನ್ನು ಹುಡುಕಿ ಹದ್ದುಗಳು ಬರುತ್ತವೆ. ಈ ಕೋಲಿನ ದೆಸೆಯಿಂದ ಅವನಿಗೆ ಹುಲ್ಲುರಾಯ ಅಂತ ಹೆಸರು ಬಿದ್ದಿತ್ತು, ಮೈದಾನದ ಮೇಲ್ವಿಚಾರಕ ಅನ್ನುವುದು ಎದೆಯ ಮೇಲಿನ ಬಿಲ್ಲೆಯಲ್ಲಿ ಮಾತ್ರ ಉಳಿದಿತ್ತು. ಅವನು ದಾರವನ್ನು ಬೆರಳಿಗೆ ಸುತ್ತಿಕೊಂಡು ತಲೆಯೆತ್ತಿದ. ಹುಲ್ಲಿನಾಚೆ ಕಂಬದ ಮೇಲೆ ಗಾಳಿಚೀಲ ಜೋತುಬಿದ್ದಿತ್ತು. ಗಾಳಿ ಎತ್ತಲಿಂದ ಬೀಸುತ್ತಿದೆ ಎಂದು ತೋರಿಸುವ, ಎರಡೂ ತುದಿ ತೆರೆದ ಬಟ್ಟೆಯ ಕೊಳವೆ ಅದು. ಬಿಸಿಲಿಗೆ ಬಣ್ಣ ಹೋಗಿ, ಅಂಚು ಪಿಸಿದು, ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತಿತ್ತು. ಈ ಎಳೆಯನ್ನು ಸೂಜಿಗೆ ಪೋಣಿಸಿದ ಕೈ ಯಾವುದೆಂದು ಈ ನಿಲ್ದಾಣದಲ್ಲಿ ಅವನೊಬ್ಬನಿಗೆ ಗೊತ್ತು. ಸೊಂಟದ ಚೀಲಕ್ಕೆ ಹಾಕಬೇಕಾದದ್ದನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ನಿಯಮದ ಪ್ರಕಾರ ಅದು ತಪ್ಪು.

ಇವತ್ತು ದಿಬ್ಬ ಅಳೆಯಲು ಸರ್ವೆಯರ್ ಬರುವ ದಿನ. ನಿನ್ನೆ ರಾತ್ರಿ ಹಾಸಿಗೆಯಲ್ಲೂ ಅವನ ಎದೆಯ ಮೇಲೆ ಆ ದಿಬ್ಬವೇ ಕೂತಿತ್ತು. ದಿನಕ್ಕೆ ಎರಡೇ ವಿಮಾನ ಬರುವ ಸಣ್ಣ ನಿಲ್ದಾಣ, ಡೈರೆಕ್ಟರ್ ಮೇಡಂ ಬಂದ ಹೊಸದರಲ್ಲಿ ಮೀಟಿಂಗಿನಲ್ಲಿ ಹೇಳಿದ್ದರು, "ಈ ಊರಲ್ಲಿ ವಿಮಾನ ಹತ್ತೋರು ನೂರಕ್ಕೆ ಇಬ್ಬರು. ಉಳಿದ ತೊಂಬತ್ತೆಂಟು ಜನಕ್ಕೆ ನಾವು ಬರೀ ಸದ್ದು." ಆಮೇಲೆ ಬೇಲಿಯನ್ನು ಒಳಕ್ಕೆ ಸರಿಸಿ, ಊರ ಕಡೆಗೆ ಬಿದ್ದುಕೊಂಡಿದ್ದ ಎಂಟೆಕರೆಯನ್ನು ಊರಿಗೇ ಬಿಟ್ಟುಕೊಡುವುದು ಅಂತಾಯಿತು. ನಡೆದಾಡಲು ದಾರಿ, ಮಕ್ಕಳಿಗೆ ಜಾರುಬಂಡಿ, ಹಳೆಯ ಸರಕಿನ ಷೆಡ್ಡಿನಲ್ಲಿ ಟೇಬಲ್ ಟೆನ್ನಿಸ್ಸು ಮತ್ತು ಓದುವ ಕೋಣೆ, ವಿಮಾನ ನೋಡಲು ಒಂದು ಮಣ್ಣಿನ ದಿಬ್ಬ. "ಇದೆಲ್ಲಾ ನಿಮ್ಮ ಕೈಯಲ್ಲಿ, ಈ ನೆಲ ನಿಮ್ಮಷ್ಟು ಯಾರಿಗೆ ಗೊತ್ತು?" ಅಂದುಬಿಟ್ಟರು ಮೇಡಂ. ಅವನು ಒಳಗೊಳಗೇ ಬೆವತ. ಊರವರ ಸಭೆಯಲ್ಲಿ ಜನ ಕೇಳಿದ್ದಕ್ಕೆಲ್ಲ ಅವನು ಎದ್ದು ನಿಂತು ಇಲ್ಲ ಅನ್ನಬೇಕಾಯಿತು. ಮರ ನೆಡಿ ಅಂದರು. ಮರಕ್ಕೆ ಹಕ್ಕಿ ಬರುತ್ತೆ, ಆಗಲ್ಲ. ಒಂದು ಸಣ್ಣ ಕೊಳ ಅಂದರು. ನೀರಿಗೂ ಹಕ್ಕಿ ಬರುತ್ತೆ. ಗಾಳಿಪಟದ ಮೈದಾನ? ಅಯ್ಯೋ, ಬಿಡ್ತು ಅನ್ನಿ. ತಿಂಡಿ ಗಾಡಿ? ಚೂರುಪಾರು ಬಿದ್ದರೆ ಕಾಗೆ. ಕೊನೆಗೆ ನಿವೃತ್ತ ಹೆಡ್‌ಮೇಡಂ ಒಬ್ಬರು ಕನ್ನಡಕ ತೆಗೆದು, "ಮರ ಇಲ್ಲ, ನೀರಿಲ್ಲ, ಪಟ ಇಲ್ಲ, ತಿಂಡಿ ಇಲ್ಲ. ಉಸಿರಾಡೋದಕ್ಕಾದ್ರೂ ಪರ್ಮಿಷನ್ ಇದೆಯೇನಪ್ಪಾ ನಿನ್ನ ಪಾರ್ಕಿನಲ್ಲಿ?" ಅಂದರು. ಇಡೀ ಸಭೆ ನಕ್ಕಿತು. ಅವನೂ ನಕ್ಕ, ಕಿವಿಯ ತುದಿ ಬಿಸಿಯಾಗಿತ್ತು. ನೋಡೋದಕ್ಕೆ ಇದೆ ಮೇಡಂ, ಬೇಕಾದಷ್ಟಿದೆ ನೋಡೋದಕ್ಕೆ, ಅನ್ನುವ ಉತ್ತರ ಅವನಿಗೆ ಹೊಳೆದದ್ದು ಮನೆಗೆ ಹೋಗಿ ಕಾಲು ತೊಳೆಯುವಾಗ.

ನೋಡುವುದು ಅಂದಾಗಲೇ ಅವನಿಗೆ ಪೀಪಿಯ ನೆನಪಾಗುತ್ತಿತ್ತು. ಮೊದಲ ವರ್ಷಗಳಲ್ಲಿ ಕುತ್ತಿಗೆಗೆ ಪೀಪಿ ನೇತುಹಾಕಿಕೊಂಡು ಬೇಲಿಯುದ್ದಕ್ಕೂ ಸೈಕಲ್ಲು ಹೊಡೆಯುವುದು ಅವನ ಭಾನುವಾರದ ಡ್ಯೂಟಿ. ಸಂಸಾರ ಸಮೇತ ಬಂದು ತಂತಿಗೆ ಬೆರಳು ಸಿಕ್ಕಿಸಿಕೊಂಡು ನಿಂತವರನ್ನು ಚದುರಿಸಬೇಕು. ಒಬ್ಬ ಅಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ. ವಿಮಾನ ಇನ್ನೇನು ನೆಲ ಮುಟ್ಟಬೇಕು, ಆಗ ಇವನು ಹಿಂದಿನಿಂದ ಹೋಗಿ ಜೋರಾಗಿ ಊದಿದ. ಮಗು ಬೆಚ್ಚಿಬಿದ್ದು ಹಿಂತಿರುಗಿತು. ವಿಮಾನ ಇಳಿಯಿತು, ಮಗು ನೋಡಿದ್ದು ಇವನ ಮುಖವನ್ನು. ಆ ಅಪ್ಪ "ಸಾರಿ ಸಾರ್" ಅಂದು ಮಗುವನ್ನು ಇಳಿಸಿಕೊಂಡು ಹೋದ. ಬೈದಿದ್ದರೆ ಚೆನ್ನಾಗಿತ್ತು. ದಿಬ್ಬದ ಮಣ್ಣು ಬಂದು ಬೀಳುವಾಗ ಪ್ರತಿ ಟ್ರ್ಯಾಕ್ಟರಿಗೂ ಅವನು ಅದೇ ಮಗುವನ್ನು ನೆನೆದಿದ್ದ, ಈಗ ಅದು ಮದುವೆಯ ವಯಸ್ಸಿನದಾಗಿರಬೇಕು. ಒಂದು ಕಡೆ ಮೆಟ್ಟಿಲು, ಒಂದು ಕಡೆ ತಳ್ಳುಗಾಡಿ ಹತ್ತುವಂಥ ಇಳಿಜಾರು, ನೆತ್ತಿಯ ಸುತ್ತ ಕಬ್ಬಿಣದ ಕಂಬಿ. ಮಣ್ಣನ್ನು ತಾನೇ ಕಾಲಿನಿಂದ ತುಳಿದು ಗಟ್ಟಿ ಮಾಡಿದ್ದ.

ಆದರೆ ನಿಜ ಹೇಳಬೇಕೆಂದರೆ ಅಷ್ಟು ಎತ್ತರ ಬೇಕು ಅಂತ ಹಟ ಹಿಡಿದದ್ದು ಆ ಮಗುವಿಗಾಗಿ ಅಲ್ಲ. ಐದಡಿ ಏರಿದರೆ ರನ್‌ವೇ ಕಾಣುತ್ತದೆ. ಎಂಟಡಿ ಏರಿದರೆ ಮಾತ್ರ ನಡುವಿನ ನೆಲದ ಉಬ್ಬು ದಾಟಿ, ಗಾಳಿಚೀಲ ಕಂಬದ ಬುಡ ಸಮೇತ ಕಾಣುತ್ತದೆ. ಹದಿನೆಂಟು ವರ್ಷದ ಹಿಂದೆ ಬಿರುಗಾಳಿಗೆ ಚೀಲ ಹರಿದು, ಹೊಸದು ಬರಲು ತಿಂಗಳುಗಟ್ಟಲೆ ಆಗುತ್ತದೆ ಅಂದಾಗ, "ನನಗೊಬ್ಬರು ಗೊತ್ತು ಸಾರ್, ಹೊಲೀತಾರೆ" ಅಂದವನು ಅವನೇ. ಅವನ ಅಕ್ಕ ಎರಡು ಕೋಣೆಗೆ ಆಗುವಷ್ಟು ಬಟ್ಟೆ ಹರಡಿಕೊಂಡು, ಕೊಳವೆಯ ಒಳಗೇ ತೆವಳಿ ಹೋಗಿ ಜೋಡುಹೊಲಿಗೆ ಹಾಕಿದಳು, ಒಳಗಿನಿಂದ ಕಿತ್ತಳೆ ಬೆಳಕಿನಲ್ಲಿ ಅವಳ ನಗು ಕೇಳಿಸುತ್ತಿತ್ತು, "ಯಾವ ರಾಕ್ಷಸನ ಪೈಜಾಮದ ಕಾಲೋ ಇದು?" ಇವನು ಸರಿಯಾಗಿ ಉತ್ತರ ಹೇಳಿರಲಿಲ್ಲ. ಮಾರನೇ ದಿನ ಅವಳೇ ಗಂಟು ಹೊತ್ತುಕೊಂಡು ಗೇಟಿಗೆ ಬಂದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು, ಕೂದಲಿಗೆಲ್ಲ ಕಿತ್ತಳೆ ನೂಲು ಮೆತ್ತಿಕೊಂಡಿತ್ತು, ಒಂದು ಚಪ್ಪಲಿಗೆ ಪಿನ್ನು ಹಾಕಿತ್ತು. ಆಗಿನ ಮ್ಯಾನೇಜರು ಪಕ್ಕದಲ್ಲೇ ನಿಂತಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ. "ಯಾರಿವರು?" ಅಂತ ಕೇಳಿದರು. "ಟೈಲರ್, ಸಾರ್," ಅಂದ. ಅಷ್ಟೇ. ಸುಳ್ಳೇನಲ್ಲ. ಅಕ್ಕ ಅವನ ಮುಖವನ್ನು ಒಂದು ಕ್ಷಣ ನೋಡಿದಳು, ಬಟ್ಟೆಯ ಸುಕ್ಕು ನೋಡುವ ಹಾಗೆ, ಆಮೇಲೆ "ಹೌದು ಸಾರ್, ಟೈಲರ್" ಅಂದಳು. ಅವತ್ತಿನಿಂದ ಪ್ರತಿ ವರ್ಷ ಹೊಸ ಚೀಲ ತಂದಾಗ ಗೇಟಿನವನಿಗೆ ತಾನೇ ಹೇಳುತ್ತಾಳೆ, "ಟೈಲರ್ ಬಂದಿದಾಳೆ ಅಂತ ಒಂದು ಮಾತು ಹೇಳಪ್ಪಾ ಸಾಹೇಬ್ರಿಗೆ." ಗಂಟು ಕೊಟ್ಟು ಹಿಂತಿರುಗುತ್ತಾಳೆ. ಮನೆಯಲ್ಲಿ ಅದೇ ಅಕ್ಕ, ಅದೇ ಏಕವಚನ, ಅದೇ ಬೈಗುಳ. ಆ ಮಾತು ಮಾತ್ರ ಒಂದು ದಿನವೂ ಎತ್ತಲಿಲ್ಲ. ತಾನು ಹೊಲಿದ ಚೀಲ ಗಾಳಿ ಕುಡಿದು ನಿಂತದ್ದನ್ನೂ ಒಂದು ದಿನ ನೋಡಲಿಲ್ಲ. ಗೇಟಿನಿಂದ ಅದು ಕಾಣುವುದಿಲ್ಲ.

ಸರ್ವೆಯರ್ ಬಂದದ್ದು ಮಧ್ಯಾಹ್ನ ಮೂರರ ಮೇಲೆ. ಕಡ್ಡಿಯಂಥ ಮನುಷ್ಯ, ಹುಲ್ಲಿನ ದೂಳಿಗೆ ಸೀನುತ್ತಲೇ ಮುಕ್ಕಾಲಿ ಹೂಡಿ ದುರ್ಬೀನು ಕೂರಿಸಿದ. "ಈ ಏರ್‌ಪೋರ್ಟಿಗೆ ಒಂದು ಚಾವಣಿ ಇದೆ ಅಂತ ಗೊತ್ತು ತಾನೇ ನಿಮಗೆ?" ಅಂದ.

"ನಕ್ಷೆ ಪೇಪರಿನಲ್ಲಿ ನೋಡಿದೀನಿ ಸಾರ್."

"ಪೇಪರಿನಲ್ಲಿ ಎಲ್ಲರೂ ನೋಡ್ತಾರೆ. ಇಲ್ಲಿ ನಿಂತು ನೋಡ್ರೀ, ಈ ಕಡೆ." ಕೈಯನ್ನು ಹುಲ್ಲಿನ ಮಟ್ಟದಿಂದ ನಿಧಾನವಾಗಿ ಓರೆಯಾಗಿ ಎತ್ತುತ್ತ ಹೋದ. "ಅಲ್ಲಿ ಹುಲ್ಲಿನ ಅಂಚಿನಿಂದ ಏಳುತ್ತೆ. ಏಳಡಿ ದೂರಕ್ಕೆ ಒಂದಡಿ ಎತ್ತರ. ನಿಮ್ಮ ದಿಬ್ಬದ ಮೇಲೆ ಹಾಯ್ದು, ಆ ರಸ್ತೆ ದಾಟಿ, ಮೇಲೆ ಹೋಗಿ ಬೋಗುಣಿ ಥರಾ ಅಗಲ ಆಗುತ್ತೆ. ನಿಮ್ಮ ಸ್ಕೂಲು, ಆಸ್ಪತ್ರೆ, ನಿಮ್ಮ ಮನೆ, ಎಲ್ಲಾ ಅದರ ಕೆಳಗೆ. ಹುಟ್ಟಿದಾಗಿಂದ ಅದರ ಕೆಳಗೇ ಓಡಾಡ್ತಿದೀರಿ, ಒಬ್ಬರೂ ತಲೆ ತಾಗಿಸ್ಕೊಂಡಿಲ್ಲ." ಮತ್ತೆ ಸೀನಿದ.

ಅವನು ಕತ್ತೆತ್ತಿದ. ಇಪ್ಪತ್ತಾರು ವರ್ಷ ನೆಲವನ್ನೇ ನೋಡಿಕೊಂಡು ನಡೆದವನು. ಈಗ ಆ ಕಾಣದ ಚಾವಣಿ ಕಂಡೇಬಿಟ್ಟಿತು. ಗಾಜಿಗಿಂತ ತೆಳ್ಳಗೆ, ಒಂದು ಕಂಬವೂ ಇಲ್ಲದೆ ಇಡೀ ಊರಿನ ಮೇಲೆ ತೂಗಿಕೊಂಡಿತ್ತು, ಅದರ ಕೆಳಗೆ ಬಟ್ಟೆ ಒಣಗಿಸುವವರು, ಬಸ್ಸಿಗೆ ಕಾಯುವವರು, ಮೆಷಿನ್ನು ತುಳಿಯುವವರು. ಯಾವನೋ ಎಲ್ಲೋ ಕೂತು, ಇಳಿಯುವವನಿಗೆ ಏನೂ ಅಡ್ಡ ಬರಬಾರದು ಅಂತ, ಗಾಳಿಯಲ್ಲಿ ಗೆರೆ ಎಳೆದು, ಅದನ್ನು ಎಲ್ಲರೂ ಒಪ್ಪಿಕೊಂಡು, ಮನೆಗಳೂ ಮರಗಳೂ ಅದಕ್ಕೆ ತಲೆ ಬಾಗಿ ನಿಂತಿವೆಯಲ್ಲ! ಅವನಿಗೆ ಯಾರ ಜೊತೆಗಾದರೂ ಇದನ್ನು ಹೇಳಿಕೊಳ್ಳಬೇಕೆನಿಸಿತು. ಸರ್ವೆಯರ್ ಮಾತ್ರ ಪುಸ್ತಕದಲ್ಲಿ ಗೀಚಿಕೊಳ್ಳುತ್ತಿದ್ದ.

"ಇಲ್ಲಿ ಚಾವಣಿ ಹದಿಮೂರು ಅಡಿ ಎರಡು ಅಂಗುಲ. ದಿಬ್ಬ ಎಂಟೂವರೆ. ಕಂಬಿ ನಾಲ್ಕು. ಒಟ್ಟು ಹನ್ನೆರಡೂವರೆ. ಎಂಟು ಅಂಗುಲ ಉಳೀತು, ನಿಮ್ಮ ಡ್ರಾಯಿಂಗ್ ಸರಿ ಇದೆ."

"ಅಬ್ಬ," ಅಂದ ಹುಲ್ಲುರಾಯ. ರಾತ್ರಿಯಿಂದ ಎದೆಯ ಮೇಲಿದ್ದದ್ದು ಇಳಿಯಿತು.

ಸರ್ವೆಯರ್ ಮೂಗು ಒರೆಸಿಕೊಂಡ. "ಇದರ ಮೇಲೆ ಯಾರೂ ಹತ್ತೋದಿಲ್ವಾ?"

"ಹತ್ತೋಕೇ ಮಾಡಿರೋದು ಸಾರ್."

"ಹಾಗಾದ್ರೆ ಅವರ ತಲೆ ಎಲ್ರೀ ಈ ಲೆಕ್ಕದಲ್ಲಿ?"

ಅವನು ಕಂಬಿಯತ್ತ ತಿರುಗಿದ. ಕಂಬಿಯ ತುದಿಯವರೆಗೆ ಅಳೆದಿದ್ದ, ಕಂಬಿಯ ಮೇಲಿನ ಗುಂಡಿಗೆ ಬಳಿದ ಬಣ್ಣದ ದಪ್ಪವನ್ನೂ ಸೇರಿಸಿದ್ದ. ಅವನು ಬರೆದ ನಕ್ಷೆಗೆ ಮೇಡಂ ಸಹಿ ಹಾಕಿದ್ದರು, ಅಗ್ನಿಶಾಮಕದ ಮುಖ್ಯಸ್ಥರು ಹಾಕಿದ್ದರು. ಮೂವರಿಗೂ ಜನ ಹೊಳೆದಿರಲಿಲ್ಲ. ಬೇರೆ ಯಾವ ಪಾರ್ಕು ಕಟ್ಟುವವನಿಗೂ ಆಗದ ತಪ್ಪು, ಇಡೀ ಆಯುಷ್ಯ ಒಂದು ಖಾಲಿ ನೆಲವನ್ನು ಖಾಲಿಯಾಗಿಯೇ ಇಡಲು ಸವೆಸಿದವರಿಗೆ ಮಾತ್ರ ಆಗುವ ತಪ್ಪು. ಕಲ್ಲು ಹೆಕ್ಕಿದ ಹಾಗೆ, ಹುಲ್ಲು ಕತ್ತರಿಸಿದ ಹಾಗೆ, ಲೆಕ್ಕದಿಂದಲೂ ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಹೆಕ್ಕಿ ಹೊರಗೆ ಹಾಕಿದ್ದ. "ನೀವೇ ಹತ್ತಿ, ನೋಡೋಣ," ಅಂದ ಸರ್ವೆಯರ್. ಹತ್ತಿ ನಿಂತ. "ಒಂದಡಿ ಆಚೆ ಹೋಯ್ತು ನಿಮ್ಮ ತಲೆ." ಅವನಿಗೆ ನಿಜಕ್ಕೂ ನೆತ್ತಿ ತಣ್ಣಗಾದ ಹಾಗಾಗಿ, ಯಾರದೋ ಮನೆಯ ಹೆಂಚು ಒಡೆದು ತಲೆ ತೂರಿಸಿದವನಂತೆ ನಾಚಿಕೊಂಡು ಕುಗ್ಗಿದ. "ಇಷ್ಟೇ ಅಲ್ಲ," ಕೆಳಗಿನಿಂದ ಸರ್ವೆಯರ್ ಹೇಳುತ್ತಲೇ ಇದ್ದ, "ಅಪ್ಪಂದಿರು ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಳ್ತಾರಲ್ಲ, ಅದನ್ನೂ ಹಿಡೀಬೇಕು. ದಿಬ್ಬ ಐದಡಿಗೆ ಇಳೀಬೇಕು ನೋಡಿ. ನಾಳೆ ಕೆತ್ತಿಸಿಬಿಡಿ. ನಾಳಿದ್ದು ಓಪನಿಂಗಲ್ವಾ?"

ಐದಡಿ. ಅವನು ತಿರುಗಿ ನೋಡಿದ. ಉಬ್ಬಿನಾಚೆ ಕಂಬದ ಬುಡದಲ್ಲಿ, ಅಗ್ನಿಶಾಮಕದ ದಪ್ಪಣ್ಣ ಹಳೆಯ ಚೀಲ ಬಿಚ್ಚಲು ಬುಡದ ಕೀಲಿನಲ್ಲಿ ಕಂಬವನ್ನು ಮಲಗಿಸುತ್ತಿದ್ದ. ನಾಳೆಯಿಂದ ಅದು ಇಲ್ಲಿಂದ ಕಾಣುವುದಿಲ್ಲ.

"ಇನ್ನೊಂದು ರೀಡಿಂಗ್ ಬೇಕು," ಅಂದ ಸರ್ವೆಯರ್. "ಯಾರಾದ್ರೂ ಗಿಡ್ಡಗಿರೋರು ಇದಾರಾ?"

ಅಷ್ಟರಲ್ಲಿ ಗೇಟಿನವನು ಅಲ್ಲಿಂದಲೇ ಕೂಗಿದ, "ಸಾರ್, ನಿಮ್ಮ ಟೈಲರ್ ಬಂದಿದಾರೆ!"

ಅಕ್ಕ ಗಂಟನ್ನು ಎಳೆಗೂಸಿನ ಹಾಗೆ ಎದೆಗವಚಿಕೊಂಡು ಬಂದಳು. ಬೆನ್ನು ಈಚೆಗೆ ಇನ್ನಷ್ಟು ಬಾಗಿತ್ತು. ಗಂಟನ್ನು ಅವನಿಗೆ ಕೊಟ್ಟು, ಅಪರಿಚಿತರ ಎದುರು ಯಾವಾಗಲೂ ಮಾಡುವಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಅವನು ಗಂಟನ್ನು ಗೇಟಿನವನ ಸೈಕಲ್ಲಿನ ಮೇಲೆ ದಪ್ಪಣ್ಣನಿಗೆ ಕಳಿಸಿದ.

"ಅಮ್ಮಾ, ಒಂದುಪಕಾರ," ಅಂದ ಸರ್ವೆಯರ್. "ಈ ದಿಬ್ಬ ಹತ್ತಿ ಒಂದು ನಿಮಿಷ ನಿಂತ್ಕೊಳ್ತೀರಾ?"

ಅಕ್ಕ ಇವನ ಕಡೆ ತಿರುಗಿದಳು. "ಹತ್ತಬಹುದಾ ಸಾರ್?"

ಆ ಸಾರ್ ಅವನಿಗೆ ಎಲ್ಲೋ ನಾಟಿತು. ವ್ಯಂಗ್ಯವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅದರಲ್ಲಿ ವ್ಯಂಗ್ಯ ಒಂಚೂರೂ ಇರಲಿಲ್ಲ. ತಮ್ಮನಿಗೆ ತೊಂದರೆಯಾಗದಿರಲಿ ಅಂತ ಹದಿನೆಂಟು ವರ್ಷ ಜೋಪಾನ ಮಾಡಿಕೊಂಡು ಬಂದ ಶಬ್ದ ಅದು, ಮಡಿಕೆ ಕೂಡ ಬಿಟ್ಟಿರಲಿಲ್ಲ. ಅವನು ತಲೆಯಾಡಿಸಿದ. ಅವಳು ಮೊಣಕಾಲಿಗೆ ಕೈಯೂರಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು.

"ತಲೆ ನೆಟ್ಟಗೆ ಅಮ್ಮಾ!"

"ಇದಕ್ಕಿಂತ ನೆಟ್ಟಗೆ ನನ್ನ ಬೆನ್ನೇ ಬರಲ್ಲಪ್ಪಾ. ಐವತ್ತು ವರ್ಷ ಮೆಷಿನ್ನಿಗೆ ಬಗ್ಗಿದೆ, ನಿನಗೆ ನೆಟ್ಟಗಾಗುತ್ತಾ?"

ಸರ್ವೆಯರ್ ನಕ್ಕು ದುರ್ಬೀನಿಗೆ ಕಣ್ಣಿಟ್ಟ. "ಸರಿಯಾಗಿ ಹದಿಮೂರು ಅಡಿ. ಇವರು ಪಾಸು. ಎರಡಂಗುಲ ಉಳೀತು." ಪೆನ್ನು ತೆಗೆದ. "ಯಾರು ಅಂತ ಬರ್ಕೊಳ್ಳಲಿ?"

ಗಂಟಲಿನಲ್ಲಿ ಆ ಹಳೆಯ ಶಬ್ದ ಸಿದ್ಧವಾಗಿ ನಿಂತಿತ್ತು, ರೂಢಿಯ ಬಲ ಅಂಥದ್ದು. ಅದನ್ನು ನುಂಗಿದ. "ನಮ್ಮಕ್ಕ," ಅಂದ.

"ಅದಲ್ಲ ರೀ. ಸಿಬ್ಬಂದಿನೋ, ಸಾರ್ವಜನಿಕರೋ?"

"ನಮ್ಮಕ್ಕ ಸಾರ್," ಅಂದ ಮತ್ತೆ, ಬೇಕಿದ್ದಕ್ಕಿಂತ ಜೋರಾಗಿ. ಗೇಟಿನಲ್ಲಿ ನಿಂತಿದ್ದವರೂ ಇತ್ತ ನೋಡಿದರು. "ಆ ಗಾಳಿಚೀಲ ಇದೆಯಲ್ಲ, ಅದನ್ನ ಹೊಲಿಯೋದು ಇವರೇ. ಹದಿನೆಂಟು ವರ್ಷದಿಂದ. ನಮ್ಮ ಸ್ವಂತ ಅಕ್ಕ."

ಮೇಲಿನಿಂದ ಅಕ್ಕನ ದನಿ ಕೇಳಿಸಿತು, ಮನೆಯ ದನಿ. "ಸಾರ್ವಜನಿಕರು ಅಂತ ಬರ್ಕೊಳ್ಳಪ್ಪಾ ನೀನು. ಅವನು ಹಾಗೇ, ಒಂದು ಕೇಳಿದ್ರೆ ಒಂದು ಹೇಳ್ತಾನೆ." ಹಾಗೆಂದು ಮುಖ ಆಚೆ ತಿರುಗಿಸಿಕೊಂಡಳು. ತಿರುಗಿಸಿಕೊಂಡದ್ದಕ್ಕೇ ಅದು ಕಂಡಿತು. ಕಂಬ ಮತ್ತೆ ಮೇಲೇಳುತ್ತಿತ್ತು, ತುದಿಯಲ್ಲಿ ಹೊಚ್ಚಹೊಸ ಕಿತ್ತಳೆ ಬಟ್ಟೆ ಮೊದಲು ಒದ್ದೆ ಬಟ್ಟೆಯಂತೆ ಬಡಿದುಕೊಂಡು, ಮೊದಲ ಹೊಲಿಗೆಯವರೆಗೆ ಉಬ್ಬಿ, ಎರಡನೆಯದಕ್ಕೆ, ಮೂರನೆಯದಕ್ಕೆ, ಆಮೇಲೆ ಇಡೀ ಉದ್ದಕ್ಕೂ ಗಾಳಿ ತುಂಬಿಕೊಂಡು ತೋರುಬೆರಳಿನ ಹಾಗೆ ನೆಟ್ಟಗಾಯಿತು.

"ಅಯ್ಯೋ, ಇಷ್ಟೇ ಇಷ್ಟಾ?" ಅಂದಳು ಅಕ್ಕ. "ಮನೇಲಿ ನನ್ನನ್ನೇ ನುಂಗ್ತಿತ್ತು ಕಣೋ ಅದು!" ಕೈ ತಾನಾಗಿ ಕುತ್ತಿಗೆಯ ಟೇಪಿಗೆ ಹೋಯಿತು. "ಎಷ್ಟು ಚೆನ್ನಾಗಿ ನಿಂತ್ಕೊಳ್ತು. ಹಕ್ಕಿ ಓಡಿಸೋದಕ್ಕೆ ತಾನೇ ಅದು?"

ಅವನು ಬೆರಗಾದ. ಹೇಳಿಯೇ ಇರಲಿಲ್ಲ. ಹದಿನೆಂಟು ಚೀಲ ಹೊಲಿಸಿಕೊಂಡು, ಅದೇನು ಮಾಡುತ್ತದೆ ಅಂತ ಅವಳಿಗೆ ಒಂದು ದಿನವೂ ಹೇಳಿರಲಿಲ್ಲ. ಹೇಳಲು ಹೋದಾಗಲೇ ಬಾನಂಚಿನಲ್ಲಿ ಸಂಜೆಯ ವಿಮಾನದ ದೀಪ ಕಾಣಿಸಿತು, ಒಂದು ಸೂಜಿಯ ಮೊನೆಯಷ್ಟು. ಎಂದಿನಂತೆ ಊರಿನ ಕಡೆಯಿಂದಲೇ ಇಳಿಯುವ ಲೆಕ್ಕದಲ್ಲಿ ತಗ್ಗಿ ಬರುತ್ತಿತ್ತು. ಆದರೆ ಇವತ್ತು ಗಾಳಿ ಊರಿನ ಕಡೆಯಿಂದಲೇ ಬೀಸುತ್ತಿತ್ತು. ಚೀಲ ಅದನ್ನು ತೋರಿಸುತ್ತ ಅಲುಗದೆ ನಿಂತಿತ್ತು.

"ನೋಡ್ತಿರು ಅಕ್ಕಾ," ಅಂದ. "ವಿಮಾನ ಗಾಳಿಗೆ ಎದುರಾಗಿ ಇಳೀಬೇಕು. ರೇಡಿಯೋದಲ್ಲಿ ಯಾರು ಏನು ಹೇಳಿದ್ರೂ ಕೊನೆಗೆ ಪೈಲಟ್ಟು ಕಣ್ಣಾರೆ ನೋಡೋದು ನಿನ್ನ ಚೀಲಾನೇ. ಈಗ ನೋಡ್ತಿದಾನೆ."

ವಿಮಾನ ಇಳಿಯಲಿಲ್ಲ. ಹೊಟ್ಟೆ ತೋರಿಸುತ್ತ ಅವರ ಪಕ್ಕದಿಂದ ಹಾದು, ಒಂದು ರೆಕ್ಕೆ ತಗ್ಗಿಸಿ, ಹುಲ್ಲಿನ ಮೇಲೆ ಅಷ್ಟಗಲದ ನೆರಳು ಎಳೆದುಕೊಂಡು ಬಾನಿನಲ್ಲಿ ದೊಡ್ಡದೊಂದು ಸುತ್ತು ಹೊಡೆಯತೊಡಗಿತು. ಅಷ್ಟು ಜನ, ಅಷ್ಟು ಕಬ್ಬಿಣ, ಅಷ್ಟು ಬೆಳಕಿನ ಕಿಟಕಿಗಳು ಒಂದು ಜೋಡುಹೊಲಿಗೆಯ ಮಾತು ಕೇಳಿ ತಿರುಗುತ್ತಿದ್ದವು. ಅಕ್ಕನ ಕತ್ತು ಅದರ ಜೊತೆಗೇ ತಿರುಗುತ್ತ ಹೋಯಿತು, ಬಾಯಿ ತೆರೆದಿತ್ತು. ಸರ್ವೆಯರ್ ಕೂಡ ಪುಸ್ತಕ ಮುಚ್ಚಿ ನಿಂತಿದ್ದ.

"ನನ್ನದನ್ನ ನೋಡಿ?" ಅಂದಳು.

"ನಿನ್ನದನ್ನ ನೋಡಿ."

"ಹೋದ ವರ್ಷದ್ದಕ್ಕೆ ನೂಲು ಮುಗಿದು ಒಂದು ಕಡೆ ಒಂಟಿ ಹೊಲಿಗೆ ಹಾಕಿದ್ದೆ ಕಣೋ," ಅಂದಳು. "ಹೇಳಬಾರದಾ? ಗೊತ್ತಿದ್ರೆ ಹಾಕ್ತಿದ್ನಾ?"

ಅವನ ಕೈ ಅಂಗಿಯ ಜೇಬಿಗೆ ಹೋಯಿತು, ಗೇಣುದ್ದದ ಆ ಎಳೆ ಅಲ್ಲೇ ಇತ್ತು. ಉತ್ತರ ಬಹುಶಃ ರಾತ್ರಿ ಕಾಲು ತೊಳೆಯುವಾಗ ಹೊಳೆದೀತು. ಮೆಟ್ಟಿಲು ಹತ್ತಿ ಅವಳ ಪಕ್ಕ ನಿಲ್ಲಬೇಕೆನಿಸಿ ಹೊರಟವನು ತುದಿಗೆ ಇನ್ನೂ ಎರಡು ಮೆಟ್ಟಿಲಿರುವಾಗಲೇ ನಿಂತ. ಅದಕ್ಕಿಂತ ಮೇಲೆ ಹೋದರೆ ಅವನ ತಲೆ ಚಾವಣಿ ದಾಟುತ್ತದೆ. ಅಲ್ಲಿಂದ ಅವಳನ್ನು ನೋಡಬೇಕಾದರೆ ಕತ್ತೆತ್ತಬೇಕಿತ್ತು, ಸಣ್ಣವನಿದ್ದಾಗ ಎತ್ತುತ್ತಿದ್ದ ಹಾಗೆ.

"ಕತ್ತಲಾಗುತ್ತೆ, ಇಳೀತೀನಿ ಕಣೋ. ಮೆಷಿನ್ ಮೇಲೆ ಅರ್ಧ ಕೆಲಸ ಬಿಟ್ಟು ಬಂದಿದೀನಿ."

"ಇರು ಅಕ್ಕಾ. ನಾಳೆ ಇದನ್ನ ಕೆತ್ತಿಬಿಡ್ತಾರೆ. ಇನ್ನು ಯಾರೂ ಅಷ್ಟು ಎತ್ತರಕ್ಕೆ ನಿಲ್ಲೋ ಹಾಗಿಲ್ಲ."

ಅವಳು ಇದ್ದಳು. ಆಚೆ ತುದಿಯಿಂದ ವಿಮಾನ ಗಾಳಿಗೆ ಎದೆಯೊಡ್ಡಿ, ಅವನು ಬೆಳಿಗ್ಗೆ ಹೆಕ್ಕಿ ಹಸನು ಮಾಡಿದ ಡಾಂಬರಿನ ಮೇಲೆ ಹಗುರವಾಗಿ ಇಳಿದು, ಅವರೆದುರಿಗೇ ಓಡಿ ಬಂತು. ಅದರ ಗಾಳಿಗೆ ಅಕ್ಕನ ನರೆತ ಕೂದಲು ನಾಲ್ಕೆಳೆ ಮೇಲೆದ್ದು ಆಡಿದವು. ಅವುಗಳಿಂದ ಎರಡು ಬೆರಳು ಮೇಲೆ ಆಕಾಶ ಶುರುವಾಗುತ್ತಿತ್ತು.